ಪ್ರಯೋಗಾಲಯದಲ್ಲೊಬ್ಬ ಭಕ್ತ

ವಿಜ್ಞಾನ ಓದಿದವರು ದೇವರನ್ನು ನಂಬಬಹುದೇ? ಹಾಸ್ಟೆಲ್ ಕೋಣೆಗಳಲ್ಲಿ ಮಧ್ಯರಾತ್ರಿ ದಾಟಿದರೂ ಮುಗಿಯದ ವಾದವಿದು. ಎರಡೂ ಕಡೆಯವರು ದೊಡ್ಡ ದೊಡ್ಡ ಹೆಸರುಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಮೈಕೆಲ್ ಫ್ಯಾರಡೆಯ ಹೆಸರು ಮಾತ್ರ ಅಲ್ಲಿ ಕೇಳಿಬರುವುದು ಅಪರೂಪ. ಪಿಯುಸಿಯಲ್ಲಿ ಆತನ ನಿಯಮವನ್ನು ಬಾಯಿಪಾಠ ಮಾಡಿದ ನಮಗೆ, ಆತ ಭಾನುವಾರಗಳಂದು ಲಂಡನ್ನಿನ ಓಣಿಯೊಂದರ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಬೈಬಲ್ ಬೋಧಿಸುತ್ತಿದ್ದ ಎಂಬುದನ್ನು ಯಾರೂ ಹೇಳಿರುವುದಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ. ತಂದೆ ಕಮ್ಮಾರ, ಆರೋಗ್ಯ ಸರಿಯಿಲ್ಲ, ಮನೆಯಲ್ಲಿ ಕಡುಬಡತನ. ಓದು, ಬರಹ, ಒಂದಿಷ್ಟು ಲೆಕ್ಕ. ಶಾಲೆ ಅಷ್ಟಕ್ಕೇ ಮುಗಿಯಿತು. 14ನೇ ವಯಸ್ಸಿಗೆ ರಿಬೋ ಎಂಬಾತನ ಬುಕ್‌ಬೈಂಡಿಂಗ್ ಅಂಗಡಿಯಲ್ಲಿ ಏಳು ವರ್ಷದ ಅಪ್ರೆಂಟಿಸ್ ಆಗಿ ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದಿಕೊಂಡ. ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ ಆತನ ಕೈಗೆ ಸಿಕ್ಕಿದ್ದು ಹಾಗೆ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಟಿಪ್ಪಣಿ ಬರೆದು, ಚಿತ್ರ ಬಿಡಿಸಿ, ತಾನೇ ಬೈಂಡ್ ಮಾಡಿ ಡೇವಿಗೆ ಕಳುಹಿಸಿದ. ಅರ್ಜಿ ಹಾಕಿ ಹಾಕಿ ಸುಸ್ತಾದ ನಮ್ಮಂಥವರು ಗಮನಿಸಬೇಕು: ಇಂಥ ರೆಸ್ಯೂಮೆಗೂ ಮೊದಲು ಸಿಕ್ಕಿದ್ದು ಬೈಂಡಿಂಗ್ ಕೆಲಸ ಬಿಡಬೇಡ ಎಂಬ ಸಲಹೆಯೇ. ಸ್ವಲ್ಪ ದಿನದಲ್ಲೇ ಅಲ್ಲಿನ ಲ್ಯಾಬ್ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್‌ನಲ್ಲಿ ಆ ಜಾಗ ಫ್ಯಾರಡೆಗೆ ಸಿಕ್ಕಿತು. ವಾರಕ್ಕೆ 25 ಶಿಲಿಂಗ್ ಸಂಬಳ, ಇರಲು ಮೇಲಂತಸ್ತಿನ ಕೋಣೆ.

ಆತನ ಮನೆಯವರು ಸ್ಯಾಂಡೆಮೇನಿಯನ್ ಎಂಬ ಸಣ್ಣ ಕ್ರೈಸ್ತ ಪಂಗಡಕ್ಕೆ ಸೇರಿದವರು. ಸಂಬಳ ಪಡೆಯುವ ಪಾದ್ರಿಗಳಿಲ್ಲ, ಸರ್ಕಾರದ ಚರ್ಚಿನ ನಂಟಿಲ್ಲ, ಹಣ ಕೂಡಿಡುವುದು ತಪ್ಪು. ಬೈಬಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ ಪಾಲಿಸಬೇಕು. 1821ರ ಜೂನ್‌ನಲ್ಲಿ ಅದೇ ಪಂಗಡದ ಸಾರಾ ಬರ್ನಾರ್ಡ್ ಜೊತೆ ಮದುವೆಯಾಯಿತು. ಮುಂದಿನ ತಿಂಗಳೇ ಫ್ಯಾರಡೆ ಸಭೆಯೆದುರು ನಿಂತು ತನ್ನ ವಿಶ್ವಾಸ ಘೋಷಿಸಿ ಸದಸ್ಯನಾದ. 1840ರಲ್ಲಿ ಸಭೆಯ ಹಿರಿಯನಾಗಿ ಆಯ್ಕೆಯಾದ. 1844ರಲ್ಲಿ ಅದೇ ಸಭೆ ಆತನನ್ನು ಕೆಲವು ವಾರಗಳ ಕಾಲ ಹೊರಗಿಟ್ಟಿತು. ಯುರೋಪಿಗೇ ಹೆಸರಾದ ವಿಜ್ಞಾನಿ ಸಿಟ್ಟುಮಾಡಿಕೊಂಡು ದೂರವಾಗಲಿಲ್ಲ, ತಲೆಬಾಗಿ ಮತ್ತೆ ಒಳಬಂದ.

ಈ ಭಕ್ತಿಗೂ ಆತನ ವಿಜ್ಞಾನಕ್ಕೂ ಏನು ಸಂಬಂಧ? ಸೃಷ್ಟಿಸಿದವನು ಒಬ್ಬನೇ ಆದರೆ ಸೃಷ್ಟಿಯಲ್ಲಿನ ಶಕ್ತಿಗಳೂ ಬೇರೆ ಬೇರೆಯಾಗಿರಲಾರವು, ಒಂದು ಇನ್ನೊಂದಾಗಿ ಬದಲಾಗಲೇಬೇಕು ಎಂಬುದು ಫ್ಯಾರಡೆಗೆ ಬಲವಾಗಿತ್ತು. ವಿದ್ಯುತ್ತಿನಿಂದ ಕಾಂತದ ಸೂಜಿ ತಿರುಗುತ್ತದೆ ಎಂದು 1820ರಲ್ಲಿ ಓರ್ಸ್ಟೆಡ್ ತೋರಿಸಿದ್ದ. ಹಾಗಾದರೆ ಕಾಂತದಿಂದ ವಿದ್ಯುತ್ ಏಕೆ ಬರಬಾರದು? 1831ರ ಆಗಸ್ಟ್ 29ರಂದು, ಕಬ್ಬಿಣದ ಬಳೆಯೊಂದರ ಎರಡು ಬದಿಗೆ ತಂತಿ ಸುತ್ತಿ ಫ್ಯಾರಡೆ ಉತ್ತರ ಕಂಡುಕೊಂಡ. (1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ ಹುಟ್ಟಿದ್ದೂ ಇದೇ ತತ್ವದಿಂದ.) 1845ರಲ್ಲಿ ದಪ್ಪ ಗಾಜಿನೊಳಗೆ ಹಾಯುವ ಧ್ರುವೀಕೃತ ಬೆಳಕನ್ನು ಕಾಂತದಿಂದ ತಿರುಗಿಸಿ, ಬೆಳಕಿಗೂ ಕಾಂತಕ್ಕೂ ನಂಟಿದೆ ಎಂದು ತೋರಿಸಿದ.

ಉಳಿದದ್ದು ಗುರುತ್ವ. ಫ್ಯಾರಡೆಯ ಬದುಕಿನಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಈ ಸೋಲಿನದು. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧ ಇರಲೇಬೇಕೆಂದು 1849ರಲ್ಲಿ ಉಪನ್ಯಾಸ ಸಭಾಂಗಣದ ಎತ್ತರದಿಂದ ಭಾರದ ವಸ್ತುಗಳನ್ನು ಬೀಳಿಸಿ, ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಯೇ ಎಂದು ನೋಡಿದ. ಸೂಚಿ ಅಲುಗಿದಾಗ ಸಂಭ್ರಮಿಸುವ ಬದಲು ಬೇರೆ ಕಾರಣ ಇದೆಯೇ ಎಂದು ಹುಡುಕಿದ. ಇತ್ತು. ಅದನ್ನು ತೆಗೆದ ಮೇಲೆ ಏನೂ ಉಳಿಯಲಿಲ್ಲ. ನಂಬಿಕೆ ಬಲವಾಗಿದ್ದವನಿಗೆ ಆ ಅಲುಗಾಟವನ್ನೇ ಪುರಾವೆ ಎಂದುಬಿಡುವುದು ಎಷ್ಟು ಸುಲಭವಿತ್ತು! ಫ್ಯಾರಡೆ ಹಾಗೆ ಮಾಡದೆ, ಫಲಿತಾಂಶ ಶೂನ್ಯ ಎಂದು ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದ. ಸಂಬಂಧ ಇದೆಯೆಂಬ ತನ್ನ ಭಾವನೆ ಅಲುಗಿಲ್ಲ, ಆದರೆ ಈ ಪ್ರಯೋಗಗಳು ಅದಕ್ಕೆ ಪುರಾವೆಯಲ್ಲ ಎಂದೂ ಅದರಲ್ಲೇ ಬರೆದ. ಹತ್ತು ವರ್ಷ ಬಿಟ್ಟು, 70ರ ಹತ್ತಿರ ಬಂದಾಗ, ಸೀಸದ ಗುಂಡು ತಯಾರಿಸುವ ಎತ್ತರದ ಗೋಪುರದಲ್ಲಿ ಮತ್ತೆ ಪ್ರಯತ್ನಿಸಿದ. ಮತ್ತೆ ಶೂನ್ಯ. ಆ ಪ್ರಬಂಧವನ್ನು ಹಿಂಪಡೆಯುವುದು ಒಳಿತು ಎಂದು ಗಣಿತಜ್ಞ ಸ್ಟೋಕ್ಸ್ ಸೂಚಿಸಿದಾಗ ಹಿಂಪಡೆದ.

1853ರಲ್ಲಿ ಲಂಡನ್ನಿನಲ್ಲಿ ಪ್ರೇತಗಳು ಮೇಜು ತಿರುಗಿಸುತ್ತವೆ ಎಂಬ ಹುಚ್ಚು ಹಬ್ಬಿದಾಗ ಅದನ್ನು ಪರೀಕ್ಷೆಗೆ ಒಡ್ಡಿದವನೂ ಈ ಭಕ್ತನೇ. ಸರಳ ಸಾಧನವೊಂದನ್ನು ಮಾಡಿ, ಮೇಜನ್ನು ತಳ್ಳುತ್ತಿರುವುದು ಕೂತವರ ಕೈಗಳೇ, ಅದು ಅವರಿಗೇ ತಿಳಿಯುತ್ತಿಲ್ಲ ಎಂದು ತೋರಿಸಿದ. ಮರುವರ್ಷದ ಉಪನ್ಯಾಸವೊಂದರಲ್ಲಿ ಮಾತ್ರ, ಪರಲೋಕದ ಸತ್ಯ ಮನುಷ್ಯನ ತರ್ಕಕ್ಕೆ ಎಟುಕುವುದಲ್ಲ, ಅಲ್ಲಿ ಈ ಪರೀಕ್ಷೆಗಳಿಗೆ ಜಾಗವಿಲ್ಲ ಎಂಬ ಅರ್ಥದ ಗೆರೆ ಎಳೆದ. ಆ ಗೆರೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮೇಜಿಗೊಂದು ನ್ಯಾಯ, ಸುವಾರ್ತೆಗೊಂದು ನ್ಯಾಯವೇ ಎಂದು ಕೇಳಬೇಕೆನಿಸುತ್ತದೆ. ಆದರೆ ಗೆರೆಯ ಈಚೆ ಬದಿಯಲ್ಲಿ, ಪ್ರಯೋಗದ ಮೇಜಿನ ಮೇಲೆ, ಫ್ಯಾರಡೆ ದೇವರ ಹೆಸರಿನಲ್ಲೂ ರಿಯಾಯಿತಿ ಕೇಳಲಿಲ್ಲ ಎಂಬುದನ್ನು ಒಪ್ಪಲೇಬೇಕು.

ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಬಂದರೂ ಬೇಡವೆಂದ. 1860ರಲ್ಲಿ ಸಭೆಯ ಹಿರಿಯನ ಜವಾಬ್ದಾರಿ ಮತ್ತೆ ಬಂದಾಗ ಒಪ್ಪಿಕೊಂಡ. 1867ರ ಆಗಸ್ಟ್ 25ರಂದು, ರಾಣಿ ವಿಕ್ಟೋರಿಯಾ ಇರಲು ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ತೀರಿಕೊಂಡ. ನ್ಯೂಟನ್ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಲ್ಲ, ಹೈಗೇಟ್ ಸ್ಮಶಾನದಲ್ಲಿ ಸರ್ಕಾರಿ ಚರ್ಚಿಗೆ ಸೇರದವರಿಗೆ ಬಿಟ್ಟ ಜಾಗದಲ್ಲಿ ಮಣ್ಣಾದ. ಅಲ್ಲಿನ ಕಲ್ಲಿನ ಮೇಲೆ ಆತನ ಹೆಸರು, ಹುಟ್ಟಿದ ದಿನ, ಸತ್ತ ದಿನ ಇವೆ.