ಜೊಸೈಯಾ ವೆಜ್‌ವುಡ್ (1730–1795): ಪಾತ್ರೆಯ ತಳದಲ್ಲಿ ತಯಾರಕರ ಹೆಸರು

ಹಳೆಯ ಪಿಂಗಾಣಿ ಹಾಗೂ ಮಣ್ಣಿನ ಪಾತ್ರೆಗಳ ಕಾಲವನ್ನು ನಿರ್ಧರಿಸುವಾಗ ಅವುಗಳ ತಳಭಾಗದಲ್ಲಿರುವ ತಯಾರಕರ ಮುದ್ರೆಯು ಮುಖ್ಯ ಆಧಾರವಾಗಿರುತ್ತದೆ. ಇಂತಹ ಮುದ್ರೆಗೆ ವಿಶ್ವಾಸಾರ್ಹತೆಯನ್ನು ತಂದುಕೊಟ್ಟವರಲ್ಲಿ ಇಂಗ್ಲೆಂಡಿನ ಜೊಸೈಯಾ ವೆಜ್‌ವುಡ್ ಪ್ರಮುಖರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಬಾಲ್ಯ: ಶ್ರೀಯುತರು 1730ರಲ್ಲಿ ಸ್ಟಾಫರ್ಡ್‌ಷೈರ್ ಪ್ರಾಂತದ ಬರ್ಸ್ಲೆಮ್‌ನಲ್ಲಿ ಕುಂಬಾರ ಮನೆತನದಲ್ಲಿ ಜನಿಸಿದರು. 1739ರಲ್ಲಿ ತಂದೆಯನ್ನು ಕಳೆದುಕೊಂಡರು. ಸಿಡುಬಿನಿಂದ ಬಲ ಮೊಣಕಾಲು ದುರ್ಬಲವಾಯಿತು. 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಆದರೂ ಅವರು ಎದೆಗುಂದದೆ ಮಣ್ಣು, ಮೆರುಗು ಮತ್ತು ಆವಿಗೆಯ ಶಾಖವನ್ನು ಕುರಿತ ಪ್ರಯೋಗಗಳಲ್ಲಿ ತೊಡಗಿದರು.

ಸಾಧನೆ: 1759ರಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದರು. ಅವರ ಕೆನೆಬಣ್ಣದ ಪಾತ್ರೆಗಳು ರಾಣಿ ಷಾರ್ಲೆಟ್ ಅವರ ಮೆಚ್ಚುಗೆಗೆ ಪಾತ್ರವಾಗಿ 'ಕ್ವೀನ್ಸ್ ವೇರ್' ಎಂದು ಹೆಸರಾದವು. 1769ರಲ್ಲಿ ಎಟ್ರೂರಿಯಾ ಕಾರ್ಖಾನೆಯನ್ನು ಪ್ರಾರಂಭಿಸಿದರು. ಆವಿಗೆಯ ಶಾಖವನ್ನು ಅಳೆಯುವ ಸಾಧನವನ್ನು ರೂಪಿಸಿದ ಅವರು 1783ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1787ರಲ್ಲಿ ಗುಲಾಮಗಿರಿ ವಿರೋಧಿ ಪದಕವನ್ನು ತಯಾರಿಸಿ ಹಂಚಿದರು. 1795ರ ಜನವರಿ 3ರಂದು ನಿಧನರಾದರು.

ಮುದ್ರೆಯ ಮಹತ್ವ: ಅಂದು ಬಹುತೇಕ ಕುಂಬಾರರು ಪಾತ್ರೆಗಳಿಗೆ ಹೆಸರು ಹಾಕುತ್ತಿರಲಿಲ್ಲ, ಕೆಲವರು ವಿದೇಶಿ ಮುದ್ರೆಗಳನ್ನು ಅನುಕರಿಸುತ್ತಿದ್ದರು. ವೆಜ್‌ವುಡ್ ಅವರು ಹಸಿ ಮಣ್ಣಿನಲ್ಲಿಯೇ ತಮ್ಮ ಹೆಸರನ್ನು ಅಚ್ಚೊತ್ತಿಸಿದರು. ಸುಟ್ಟ ನಂತರ ಅದು ಅಳಿಸಿಹೋಗದು. ಸರಕು ಕೆಟ್ಟರೆ ಹೆಸರೂ ಕೆಡುವುದರಿಂದ, ಮುದ್ರೆಯು ಕೊಳ್ಳುವವರಿಗೆ ನೀಡಿದ ಖಾತರಿಯೇ ಆಯಿತು.

ಗುರುತಿಸುವ ಕ್ರಮ:
1. ಬೆಂಟ್ಲಿ ಅವರ ಹೆಸರೂ ಜೊತೆಗಿದ್ದಲ್ಲಿ, ಅದು 1769ರಿಂದ 1780ರವರೆಗಿನ ಪಾಲುದಾರಿಕೆಯ ಅಲಂಕಾರಿಕ ವಸ್ತುಗಳ ಮುದ್ರೆ.
2. ತಿಂಗಳು, ಕುಶಲಕರ್ಮಿ ಹಾಗೂ ವರ್ಷವನ್ನು ಸೂಚಿಸುವ ಮೂರು ಅಕ್ಷರಗಳ ಸಂಕೇತ 1860ರಲ್ಲಿ ಜಾರಿಗೆ ಬಂದಿತು.
3. 'ಇಂಗ್ಲೆಂಡ್' ಎಂಬ ಪದವು ಅಮೆರಿಕದ ಆಮದು ಕಾನೂನಿನ ಕಾರಣ 1891ರಿಂದ ಸೇರಿತು. 'ಮೇಡ್ ಇನ್ ಇಂಗ್ಲೆಂಡ್' ಎಂಬುದು ಸಾಮಾನ್ಯವಾಗಿ 20ನೇ ಶತಮಾನದ್ದು.
4. ಇಂಗ್ಲಿಷ್ ಬರಹದಲ್ಲಿ 'ಜಿ' ಅಕ್ಷರದ ನಂತರ 'ಇ' ಅಕ್ಷರವಿದ್ದಲ್ಲಿ, ಅದು ಈ ಕಾರ್ಖಾನೆಯದಲ್ಲ. ಬೇರೊಬ್ಬ ತಯಾರಕರು ಇಂತಹ ಮುದ್ರೆಯನ್ನು ಬಳಸದಂತೆ 1848ರಲ್ಲಿ ನ್ಯಾಯಾಲಯವು ತಡೆಯಾಜ್ಞೆ ನೀಡಿತ್ತು.

ಅರ್ಜಿದಾರರ ಗಮನಕ್ಕೆ: ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರ ಮೇರೆಗೆ 100 ವರ್ಷಗಳಿಗೆ ಕಡಿಮೆಯಿಲ್ಲದ ಕುಶಲಕಲೆಯ ವಸ್ತುಗಳು ಪ್ರಾಚ್ಯವಸ್ತುಗಳಾಗಿದ್ದು, ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಕೋರುವವರು ಪಾತ್ರೆಯ ಜೊತೆಗೆ ತಳದ ಮುದ್ರೆಯ ಸ್ಪಷ್ಟ ಛಾಯಾಚಿತ್ರವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು. ಮುದ್ರೆಯನ್ನು ಉಜ್ಜಬಾರದು. ಮುದ್ರೆಯೊಂದೇ ಅಂತಿಮ ಸಾಕ್ಷ್ಯವಲ್ಲ. ಮಣ್ಣು, ಮೆರುಗು ಮತ್ತು ತಯಾರಿಕೆಯ ಕ್ರಮವೂ ಅದಕ್ಕೆ ಹೊಂದಿಕೆಯಾಗಬೇಕು.