ತಾತಗುಣಿಯ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ನಮ್ಮ ಆದೋನಿ, ಮಂತ್ರಾಲಯ, ಎಮ್ಮಿಗನೂರು ಕಡೆಯ ಕೆಲವು ಸದಸ್ಯರೂ ಹೋಗಿಬರುತ್ತಾರೆ. ರಸ್ತೆಯ ಎರಡೂ ಬದಿಯ ಚಿತ್ರಗಳನ್ನು ನೋಡುವಷ್ಟರಲ್ಲಿ ಕಾಲು ಸೋತು, ಸಂಜೆಯ ರೈಲಿನ ಚಿಂತೆ ಶುರುವಾಗುತ್ತದೆ. ಹಾಗಾಗಿ ಚಿತ್ರಕಲಾ ಪರಿಷತ್ತಿನ ಕಟ್ಟಡದ ಒಳಗೆ ಹೋಗಿ ರೋರಿಚ್ ಅವರ ಚಿತ್ರಗಳನ್ನು ನೋಡಿದವರು ಕಡಿಮೆ. ಹೆಸರು ಕೇಳಿದರೆ ಯಾರೋ ಪರದೇಶದವರು ಅನ್ನಿಸುತ್ತದೆ. ಹುಟ್ಟಿದ್ದು ಪರದೇಶದಲ್ಲಿ ಎಂಬುದೇನೋ ನಿಜ. ಆದರೆ ಬದುಕಿನ ಅರ್ಧದಷ್ಟು ಕಾಲವನ್ನು ಅವರು ಕಳೆದದ್ದು ಕನ್ನಡ ನೆಲದಲ್ಲಿ.

ಮೊದಲು ತಂದೆಯ ವಿಷಯ ಹೇಳಬೇಕು. ನಿಕೊಲಸ್ ರೋರಿಚ್ (1874–1947) ರಷ್ಯಾದ ದೊಡ್ಡ ಸಾಂಕೇತಿಕ ಚಿತ್ರಕಾರ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಹುಟ್ಟಿದ ಈ ಪಂಥದವರಿಗೆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು ಮುಖ್ಯವಲ್ಲ. ಕಂಡದ್ದರ ಹಿಂದೆ ಇರುವುದನ್ನು ಬರೆಯಬೇಕು. ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಂತ್ರಾಲಯದ ಬೃಂದಾವನದ ಮುಂದೆ ಕೈಮುಗಿಯುವವನು ಕಲ್ಲನ್ನಷ್ಟೇ ನೋಡುತ್ತಿರುವುದಿಲ್ಲವಲ್ಲ, ಹಾಗೆ. ನಿಕೊಲಸ್ ಅವರ ಬೆಟ್ಟ ಬರೀ ಬೆಟ್ಟವಲ್ಲ, ಏರಬೇಕಾದ ದಾರಿ. 1913ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ ಸ್ಟ್ರಾವಿನ್‌ಸ್ಕಿಯ ನೃತ್ಯನಾಟಕಕ್ಕೆ ರಂಗಸಜ್ಜಿಕೆ ಮಾಡಿಕೊಟ್ಟವರೂ ಅವರೇ. ಕ್ರಾಂತಿಯ ಕಾಲಕ್ಕೆ ರಷ್ಯಾ ಬಿಟ್ಟು, ಫಿನ್ಲೆಂಡ್, ಲಂಡನ್, ಅಮೆರಿಕ ಸುತ್ತಿ, ಟಿಬೆಟ್, ಮಂಗೋಲಿಯಗಳ ದುರ್ಗಮ ದಾರಿಗಳಲ್ಲಿ ವರ್ಷಗಟ್ಟಲೆ ತಿರುಗಿ, 1928ರಲ್ಲಿ ಹಿಮಾಚಲದ ಕುಲು ಕಣಿವೆಯ ನಗ್ಗರ್ ಎಂಬ ಊರಿನಲ್ಲಿ ನೆಲೆ ನಿಂತರು. ಯುದ್ಧಕಾಲದಲ್ಲೂ ಕಲಾಕೃತಿ, ಗ್ರಂಥಾಲಯ, ದೇವಾಲಯಗಳನ್ನು ಮುಟ್ಟಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಸಹಿ ಬಿತ್ತು. ಅದಕ್ಕೆ ಇವರದೇ ಹೆಸರು.

ಇಂಥ ತಂದೆಯ ಕಿರಿಯ ಮಗ ಸ್ವೆತೊಸ್ಲಾವ್. ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಣ್ಣ ಯೂರಿ ಟಿಬೆಟಿನ ಭಾಷೆ, ಗ್ರಂಥಗಳಲ್ಲಿ ಪಂಡಿತರಾದರು. ತಮ್ಮ ಲಂಡನ್ನಿನಲ್ಲೂ ಅಮೆರಿಕದಲ್ಲೂ ವಾಸ್ತುಶಿಲ್ಪ ಓದಿ, ಕೊನೆಗೆ ಕುಂಚ ಹಿಡಿದರು. ದೊಡ್ಡ ಮರದ ನೆರಳಿನಲ್ಲಿ ಇನ್ನೊಂದು ಮರ ಬೆಳೆಯುವುದು ಕಷ್ಟ. ಸ್ವೆತೊಸ್ಲಾವ್ ತಂದೆಯ ಜೊತೆ ಸ್ಪರ್ಧೆಗೆ ಇಳಿಯಲಿಲ್ಲ, ಬೇರೆ ದಾರಿ ಹಿಡಿದರು ಎಂದು ನನಗೆ ಕಾಣುತ್ತದೆ. ತಂದೆಯ ಚಿತ್ರಗಳಲ್ಲಿ ಮನುಷ್ಯ ಬೆಟ್ಟದ ಬುಡದಲ್ಲಿ ಒಂದು ಚುಕ್ಕೆ. ಮಗನ ಚಿತ್ರಗಳಲ್ಲಿ ಮನುಷ್ಯನ ಮುಖವೇ ಎದುರಿಗೆ ಬಂದು ನಿಲ್ಲುತ್ತದೆ. ತಂದೆಯ ಮುಖವನ್ನೂ ಅವರು ಮತ್ತೆಮತ್ತೆ ಬರೆದರು. 1942ರಲ್ಲಿ ನೆಹರೂ ಕುಲುವಿಗೆ ಹೋಗಿ ಅವರ ಮನೆಯಲ್ಲಿ ಉಳಿದಿದ್ದಾಗ ಅವರನ್ನು ಕೂರಿಸಿಕೊಂಡು ಚಿತ್ರ ಬರೆದದ್ದುಂಟು. ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ 1966ರಲ್ಲಿ ಅನಾವರಣಗೊಂಡ ನೆಹರೂ ಭಾವಚಿತ್ರವೂ ಸ್ವೆತೊಸ್ಲಾವ್ ಅವರದೇ.

1945ರಲ್ಲಿ ಅವರು ದೇವಿಕಾ ರಾಣಿಯವರನ್ನು ಮದುವೆಯಾದರು. ಆಂಧ್ರದಲ್ಲಿರುವ ನಮಗೆ ಇಲ್ಲೊಂದು ಸಣ್ಣ ನಂಟು ಇದೆ: ಬಂಗಾಳಿ ಮನೆತನದ ದೇವಿಕಾ ರಾಣಿ ಹುಟ್ಟಿದ್ದು ವಾಲ್ಟೇರಿನಲ್ಲಿ, 1908ರಲ್ಲಿ. ಹಿಮಾಂಶು ರಾಯ್ ಜೊತೆ ಬಾಂಬೆ ಟಾಕೀಸ್ ಕಟ್ಟಿ, ಅವರು ತೀರಿಕೊಂಡ ಮೇಲೆ ತಾವೇ ಅದನ್ನು ನಡೆಸಿ, ಹೆಸರು ಹಣ ಎರಡೂ ಇದ್ದಾಗಲೇ ಸಿನಿಮಾ ಬಿಟ್ಟುಬಂದರು. ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೆ.

1947ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡ ಮೇಲೆ ದಂಪತಿಗಳು ಬೆಟ್ಟ ಇಳಿದು ಬೆಂಗಳೂರಿಗೆ ಬಂದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ನಾನೂರೈವತ್ತು ಎಕರೆಗೂ ಮಿಕ್ಕ ಜಮೀನು. ಅದರಲ್ಲಿ ಅವರು ಬೆಳೆದದ್ದು ಲಿನಾಲೋ ಎಂಬ ಮೆಕ್ಸಿಕೋ ಮೂಲದ ಮರ. ಅದರ ಕಾಯಿಯಿಂದ ಭಟ್ಟಿ ಇಳಿಸಿದ ಸುಗಂಧ ತೈಲ ಸೋಪು, ಅತ್ತರುಗಳಿಗೆ ಹೋಗುತ್ತದೆ. ಹತ್ತಿ ಮತ್ತು ಶೇಂಗಾದ ಲೆಕ್ಕ ಬಲ್ಲ ನಮ್ಮವರಿಗೆ ಇದು ವಿಚಿತ್ರ ಬೇಸಾಯ ಎನಿಸಬಹುದು. ಆದರೆ ಗಿಡಮೂಲಿಕೆಗಳ ಹುಚ್ಚು ಅವರಿಗೆ ಕುಲುವಿನಿಂದಲೇ ಹತ್ತಿತ್ತು. ಚಿತ್ರಗಳಿಗೆ ಹೆಚ್ಚಾಗಿ ಬಳಸುತ್ತಿದ್ದುದು ಟೆಂಪೆರಾ. ಬಣ್ಣದ ಪುಡಿಯನ್ನು ಮೊಟ್ಟೆಯ ಲೋಳೆಯಂಥ ಅಂಟಿನಲ್ಲಿ ಕಲಸುವ ಹಳೆಯ ವಿಧಾನ ಅದು.

ದಕ್ಷಿಣಕ್ಕೆ ಬಂದ ಮೇಲೆ ಅವರ ಬಣ್ಣವೇ ಬದಲಾಯಿತು. ಹಿಮದ ನೀಲಿ ಹಿಂದೆ ಸರಿದು ಕೆಂಪು, ಕೇಸರಿ, ಗಾಢ ಹಸಿರು ಮುಂದೆ ಬಂದವು. ಹೊಲದ ಕೆಲಸದ ಹೆಂಗಸರು, ಸಂಜೆಯ ಆಕಾಶ, ತೋಟದ ಕೆಂಪು ಮಣ್ಣು. ನಮ್ಮದು ಎರೆನೆಲ, ಅವರು ಆದೋನಿಯ ಕಡೆ ನೆಲೆಸಿದ್ದರೆ ಯಾವ ಬಣ್ಣ ಕಲಸುತ್ತಿದ್ದರೋ ಎಂದು ಒಮ್ಮೊಮ್ಮೆ ಯೋಚಿಸಿದ್ದೇನೆ. ತಂದೆಯ ಸಾಂಕೇತಿಕ ದೃಷ್ಟಿ ಮಾತ್ರ ಬಿಟ್ಟುಹೋಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಿಲುಬೆಗೇರಿದ ಮಾನವಕುಲವನ್ನು ಬರೆದರು. 1960ರ ದಶಕದಲ್ಲಿ, ನಮ್ಮ ಸೆರೆಮನೆಗಳನ್ನು ನಾವೇ ಕಟ್ಟಿಕೊಳ್ಳುತ್ತೇವೆ ಎಂಬ ಅರ್ಥದ ಹೆಸರಿಟ್ಟು ಇನ್ನೊಂದು ಚಿತ್ರ ಬರೆದರು.

1961ರಲ್ಲಿ ಪದ್ಮಭೂಷಣ ಬಂತು. ಅದಕ್ಕಿಂತ ಒಂದು ವರ್ಷ ಮೊದಲು ಮಾಸ್ಕೋ, ಲೆನಿನ್‌ಗ್ರಾಡ್‌ಗಳಲ್ಲಿ ಅವರ ಚಿತ್ರ ಪ್ರದರ್ಶನ ನಡೆದಿತ್ತು. ಹುಡುಗನಾಗಿದ್ದಾಗ ಬಿಟ್ಟುಬಂದ ಊರಿಗೆ ಐವತ್ತೈದರ ಪ್ರಾಯದಲ್ಲಿ ಚಿತ್ರಗಳನ್ನು ಹೊತ್ತು ಹೋದದ್ದು. ಹೋದವರು ಅಲ್ಲೇ ಉಳಿಯಬಹುದಿತ್ತು. ಅಣ್ಣ ಯೂರಿ ಹಾಗೆಯೇ 1957ರಲ್ಲಿ ಮರಳಿ ಹೋಗಿದ್ದರು. ಸ್ವೆತೊಸ್ಲಾವ್ ತಾತಗುಣಿಗೆ ವಾಪಸಾದರು. ಇತ್ತ ಎಂ. ಎಸ್. ನಂಜುಂಡರಾವ್ ಮತ್ತು ಗೆಳೆಯರು ಕಟ್ಟಿ ಬೆಳೆಸಿದ ಚಿತ್ರಕಲಾ ಪರಿಷತ್ತಿನ ಬೆನ್ನಿಗೆ ನಿಂತು, ತಮ್ಮ ಮತ್ತು ತಂದೆಯ ಚಿತ್ರಗಳನ್ನು ಅದಕ್ಕೆ ಕೊಟ್ಟರು.

ಕೊನೆಯ ವರ್ಷಗಳು ಸುಖದವಲ್ಲ. ಮಕ್ಕಳಿಲ್ಲ, ಇಬ್ಬರಿಗೂ ಅನಾರೋಗ್ಯ, ತೋಟ ಬಿಟ್ಟು ನಗರದ ಹೋಟೆಲಿನಲ್ಲಿ ವಾಸ. 1993ರ ಜನವರಿ 30ರಂದು ಸ್ವೆತೊಸ್ಲಾವ್ ತೀರಿಕೊಂಡರು. ತಾತಗುಣಿಯ ಮರಗಳ ಕೆಳಗೇ ಅವರನ್ನು ಮಣ್ಣು ಮಾಡಲಾಯಿತು. 1994ರ ಮಾರ್ಚ್ 9ರಂದು ದೇವಿಕಾ ರಾಣಿಯೂ ಹೋದರು. ಆಮೇಲೆ ಶುರುವಾದದ್ದು ಆಸ್ತಿಯ ಜಗಳ. 1996ರಲ್ಲಿ ಕರ್ನಾಟಕ ಸರ್ಕಾರ ಎಸ್ಟೇಟನ್ನು ವಶಕ್ಕೆ ಪಡೆಯಲು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಅಲ್ಲಿ ಜಮೀನು ಕೊಂಡಿದ್ದೇವೆ ಎಂದ ಕಂಪನಿಯೊಂದು ಅದನ್ನು ಪ್ರಶ್ನಿಸಿತು. ಕೊನೆಗೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು. ಆಸ್ತಿಯ ಹಕ್ಕು ಮತ್ತು ಪರಿಹಾರದ ಬಗ್ಗೆ ಈ ತೀರ್ಪನ್ನು ವಕೀಲರು ಇಂದಿಗೂ ಉದ್ಧರಿಸುತ್ತಾರೆ. ಹದಿನೈದು ವರ್ಷ ಕಾನೂನಿನ ಪುಸ್ತಕಗಳಲ್ಲಿ ರೋರಿಚ್ ಹೆಸರು ಓಡಾಡಿದಷ್ಟು ಕಲೆಯ ಪುಸ್ತಕಗಳಲ್ಲಿ ಓಡಾಡಲಿಲ್ಲ ಎನ್ನುವುದು ಬೇಸರದ ಮಾತು.

ಮುಂದಿನ ಸಲ ಚಿತ್ರಸಂತೆಗೆ ಹೋಗುವವರು ರಸ್ತೆಯ ಗದ್ದಲ ಬಿಟ್ಟು ಒಂದು ಗಂಟೆ ಪರಿಷತ್ತಿನ ಒಳಗೆ ಕಳೆಯಿರಿ. ತಂದೆಯ ಹಿಮಾಲಯವನ್ನು ಮೊದಲು ನೋಡಿ, ಆಮೇಲೆ ಮಗನ ಚಿತ್ರಗಳ ಮುಂದೆ ನಿಲ್ಲಿ. ಮಕ್ಕಳನ್ನೂ ಕರೆದೊಯ್ಯಿರಿ.