ಮಗಳು ತೀರಿದ ಮೇಲಿನ ಎಂಟು ತಿಂಗಳು

1921ರ ಜುಲೈ 24ರಂದು ಮಿರಜಿನಲ್ಲಿ ಮನೋರಮಾಬಾಯಿ ತೀರಿಕೊಂಡರು. ಅವರಿಗೆ ಆಗ 40 ವರ್ಷ. ತಾಯಿ ಪಂಡಿತಾ ರಮಾಬಾಯಿಯವರಿಗೆ 63. ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ತಾವು ಕಟ್ಟಿದ ಮುಕ್ತಿ ಸಂಸ್ಥೆಯನ್ನು ಮುಂದೆ ಈ ಒಬ್ಬಳೇ ಮಗಳು ನಡೆಸಿಕೊಂಡು ಹೋಗುವಳೆಂದು ತಾಯಿ ನಂಬಿದ್ದರು. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾದಲ್ಲಿ ಶಾಲೆ ತೆರೆದವರೂ ಈ ಮನೋರಮಾಬಾಯಿಯವರೇ.

ರಮಾಬಾಯಿ ಕನ್ನಡ ನೆಲದಲ್ಲಿ ಹುಟ್ಟಿದವರೆಂಬುದು ನಮ್ಮಲ್ಲಿ ಅನೇಕರಿಗೆ ಮರೆತಿದೆ. ಅವರ ಜನನ 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಲೋಕದ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತ ಕಲಿಸಿದವರು. ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದ ಈ ಕುಟುಂಬವನ್ನು 1870ರ ದಶಕದ ಕ್ಷಾಮ ನುಂಗಿತು. ತಂದೆ ತಾಯಿ ಹಸಿವಿನಿಂದ ಬಳಲಿ ತೀರಿಕೊಂಡರು. 1880ರಲ್ಲಿ ಅಣ್ಣ, 1882ರಲ್ಲಿ ಪತಿ. ಉಳಿದದ್ದು ವರ್ಷ ತುಂಬದ ಮನೋರಮಾ ಮಾತ್ರ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ತಾಯಿ, ಮಗಳು ಒಟ್ಟಿಗೆ ಕ್ರೈಸ್ತ ದೀಕ್ಷೆ ಪಡೆದರು. ಸ್ವದೇಶದಲ್ಲಿ ಅದು ಕಟುಟೀಕೆಗೆ ಗುರಿಯಾಯಿತು.

ಈ ವಿಶ್ವಾಸ ಕಣ್ಣು ಮುಚ್ಚಿ ಒಪ್ಪಿಕೊಂಡದ್ದಲ್ಲ. ತಮಗೆ ಆಶ್ರಯವಿತ್ತ ಆಂಗ್ಲಿಕನ್ ಸನ್ಯಾಸಿನಿಯರೊಡನೆಯೇ ಅವರು ತತ್ತ್ವವಿಚಾರದಲ್ಲಿ ವಾದಕ್ಕೆ ನಿಂತರು. 1896-97 ಹಾಗೂ 1900ರ ಕ್ಷಾಮಗಳಲ್ಲಿ ನೂರಾರು ಬಾಲೆಯರನ್ನೂ ವಿಧವೆಯರನ್ನೂ ಕೇಡಗಾಂವ್‌ಗೆ ಕರೆತಂದರು. ಅವರಿಗೆ ಅನ್ನದ ಜೊತೆಗೆ ಅಕ್ಷರವನ್ನೂ, ನೇಯ್ಗೆ, ಮುದ್ರಣದಂತಹ ಕಸುಬನ್ನೂ ಕೊಟ್ಟರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಬರಿಯ ದಾನವಾಗಿ ಕಾಣುವುದಿಲ್ಲ, ಸ್ವಾವಲಂಬನೆಯ ವ್ಯವಸ್ಥೆಯಾಗಿ ಕಾಣುತ್ತದೆ.

ಜಯಲಕ್ಷ್ಮಿಪುರಂನ ನಮ್ಮ ಬಡಾವಣೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ನಾನು ಹೋಗಿದ್ದೇನೆ. ಕರ್ಮ, ವಿಧಿ, ದೈವೇಚ್ಛೆ ಎಂಬ ಮಾತುಗಳಿಂದ ಹೆತ್ತವರು ಸಮಾಧಾನಗೊಂಡದ್ದನ್ನು ಕಂಡಿಲ್ಲ. ಸಾವಿಗೆ ಕಾರಣ ಹುಡುಕಿಕೊಡುವುದೇ ಧರ್ಮದ ಕೆಲಸವಾಗಿದ್ದರೆ ರಮಾಬಾಯಿಯವರಿಗೂ ಅದು ಸೋತೇ ಇರುತ್ತಿತ್ತು. ಅವರಿಗೆ ಕ್ರಿಸ್ತನಲ್ಲಿಟ್ಟ ವಿಶ್ವಾಸ ನೀಡಿದ್ದು ಬೇರೆಯೇ: ಮಗಳಿಲ್ಲದ ಮರುದಿನವೂ ಮೇಜಿನ ಮುಂದೆ ಕೂರುವ ಬಲ.

ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರುವ ಕಾರ್ಯವನ್ನು ಅವರು ವರ್ಷಗಳಿಂದ ಕೈಗೊಂಡಿದ್ದರು. ಕಿವಿ ಮಂದವಾಗಿತ್ತು, ದೇಹ ಕುಗ್ಗಿತ್ತು. ಆದರೂ ಕರಡಚ್ಚು ತಿದ್ದುವುದನ್ನು ನಿಲ್ಲಿಸಲಿಲ್ಲ. ಕೆಲಸ ಮುಗಿಯುತ್ತಿದ್ದಂತೆ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಗ್ರಂಥ ಮುಕ್ತಿಯ ಮುದ್ರಣಾಲಯದಲ್ಲೇ ಅಚ್ಚಾಗಿ 1924ರಲ್ಲಿ ಹೊರಬಂತು.

ಒಡಲಿನ ಮಗಳಿಗೆಂದು ಕಾದಿರಿಸಿದ್ದ ಸಂಸ್ಥೆ ಇತರರ ಕೈ ಸೇರಿತು, ಇಂದಿಗೂ ನಡೆಯುತ್ತಿದೆ. ಶೋಕವನ್ನು ಮರೆಯದೆಯೂ ಬದುಕಬಹುದೆಂಬುದಕ್ಕೆ ನಾನು ಬಲ್ಲ ದೊಡ್ಡ ಸಾಕ್ಷ್ಯ ಇದು.